ಪಾಲಿಗೆ ಕೊಟ್ಟ ಎಮ್ಮೆ

ಫೆಬ್ರವರಿ 12, 2025. ಮಸ್ಕಿ

ಇಂದು ಇಡೀ ಮಸ್ಕಿ ನನ್ನ ಕೆಮ್ಮು ಕೇಳಿತು. ಬಸ್ ನಿಲ್ದಾಣದ ಕಂಟ್ರೋಲರ್ ಕೆಲಸದಲ್ಲಿ ಇರುವ ಒಂದೇ ವೈಭವವೆಂದರೆ ಮೈಕು. "ಪ್ರಯಾಣಿಕರ ಗಮನಕ್ಕೆ" ಎಂದು ಗತ್ತಿನಿಂದ ಶುರು ಮಾಡಿದೆ. ಸಿಂಧನೂರು ಎನ್ನುವ ಮೊದಲೇ ಕೆಮ್ಮು ಹೊರಟಿತು. ಗುಂಡಿ ಆರಿಸಬೇಕೆಂಬ ಬುದ್ಧಿ ಬಂದಾಗ ಕೆಮ್ಮು ತಾನಾಗಿಯೇ ಮುಗಿದಿತ್ತು. ಬೆಂಚಿನ ಮೇಲೆ ಕೂತಿದ್ದ ಮುದುಕಿಯೊಬ್ಬಳು ಪಕ್ಕದವಳನ್ನು, "ಯವ್ವಾ, ಅದು ಯಾ ಊರಿನ ಬಸ್ಸು?" ಎಂದು ಕೇಳಿದಳಂತೆ.

ಸುರೇಖಾ ಈ ಡೈರಿ ತಂದು ಮುಂದಿಟ್ಟಳು. "ನನ್ನ ಮುಂದ ಹೇಳಂಗಿಲ್ಲ, ಡಾಕ್ಟರ ಮುಂದ ಹೇಳಂಗಿಲ್ಲ. ಇದರಾಗರ ಬರೀರಿ" ಎಂದಳು. ಹೆಂಡತಿಯ ಮಾತು ಮೀರಬಾರದು, ಬರೆಯುತ್ತಿದ್ದೇನೆ. ಮೂರು ವಾರದಿಂದ ಕೆಮ್ಮು. ಸಂಜೆಯಾದರೆ ಮೈ ಬೆಚ್ಚಗೆ.

ಬೇರೆಯವರಾದರೆ ಇದು ಒಂದು ಬಾಟಲಿ ಔಷಧಿಯ ವಿಷಯ. ನನ್ನದು ಹಾಗಲ್ಲ. ಎರಡು ವರ್ಷದ ಹಿಂದೆ ನನ್ನ ಎರಡೂ ಕಿಡ್ನಿ ಕೈಕೊಟ್ಟಾಗ ತುರ್ವಿಹಾಳಕ್ಕೆ ಮದುವೆಯಾಗಿ ಹೋದ ನನ್ನ ಒಡಹುಟ್ಟಿದ ಯಶೋಧರಕ್ಕ ತನ್ನದೊಂದನ್ನು ಕೊಟ್ಟಳು. ನನ್ನ ಮೈ ಅದನ್ನು ಹೊರಗಿನದೆಂದು ಒದ್ದು ಹಾಕಬಾರದಲ್ಲ, ಅದಕ್ಕೆ ದಿನಾ ಗುಳಿಗೆ ನುಂಗಿ ಮೈಯ ಕಾವಲುಗಾರರನ್ನೆಲ್ಲ ಮಲಗಿಸಿ ಇಟ್ಟಿದ್ದೇನೆ. ಕಾವಲು ಮಲಗಿದ ಮನೆಗೆ ಯಾರು ಬೇಕಾದರೂ ನುಗ್ಗಬಹುದು. ಇದನ್ನು ನಾನು ಬಲ್ಲೆ. ಬಲ್ಲವನಾಗಿಯೇ ಮೂರು ವಾರ ಸುಮ್ಮನಿದ್ದೆ.

ಅಕ್ಕ ಆ ಕಿಡ್ನಿಗೆ ಎಮ್ಮೆ ಎನ್ನುತ್ತಾಳೆ. ನಮ್ಮ ಕಡೆ ಎಮ್ಮೆ ಕರುವನ್ನು ಪಾಲಿಗೆ ಕೊಡುವ ಪದ್ಧತಿ. ಕೊಟ್ಟವರದು ಎಮ್ಮೆ, ಮೇಯಿಸುವವರದು ದುಡಿಮೆ, ಬಂದದ್ದರಲ್ಲಿ ಇಬ್ಬರಿಗೂ ಪಾಲು. ಕೊಟ್ಟವರು ಆಗಾಗ ಬಂದು ಎಮ್ಮೆಯ ಬೆನ್ನು ತಡವಿ ನೋಡುತ್ತಾರೆ. ಅಕ್ಕ ಫೋನಿನಲ್ಲಿ ತಡವುತ್ತಾಳೆ. "ಲೇ ರಾಜಾ, ನನ್ನ ಎಮ್ಮಿ ಹೆಂಗೈತಿ? ನೀರು ಕುಡಿಸಾಕತ್ತೀಯೇನು ಇಲ್ಲೋ?" ಇಂದೂ ಕೇಳಿದಳು. "ಮಸ್ತ್ ಐತಿ ಅಕ್ಕಾ" ಎಂದೆ. ಕೆಮ್ಮು ಬರುವ ಮೊದಲೇ ಫೋನ್ ಇಟ್ಟೆ.

ಫೆಬ್ರವರಿ 20

ರೋಗ ಮುಚ್ಚಿಡುವುದರಲ್ಲಿ ನಮ್ಮ ಸೀಮೆಗೊಂದು ರಿವಾಜು ಇದೆ. ಮಸ್ಕಿಯವರು ಲಿಂಗಸುಗೂರಿಗೆ ಹೋಗಿ ತೋರಿಸುತ್ತಾರೆ, ಲಿಂಗಸುಗೂರಿನವರು ಸಿಂಧನೂರಿಗೆ, ಸಿಂಧನೂರಿನವರು ರಾಯಚೂರಿಗೆ. ನಾನೂ ಮುಖಕ್ಕೆ ಟವೆಲ್ ಸುತ್ತಿಕೊಂಡು ಲಿಂಗಸುಗೂರು ಬಸ್ಸು ಹತ್ತಿದೆ. ನಾನೇ ಕೂಗಬೇಕಾದ ಬಸ್ಸಿನಲ್ಲಿ ಕಳ್ಳನ ಹಾಗೆ ಹೋದೆ.

ದವಾಖಾನೆಯ ಬೆಂಚಿನ ಮೇಲೆ ನನ್ನಂತೆಯೇ ಟವೆಲ್ ಸುತ್ತಿದ ಇನ್ನೊಬ್ಬ. ನೋಡಿದರೆ ನಮ್ಮ ಎದುರು ಮನೆಯ ನರಸಣ್ಣ. "ಬೀಗರು ಅದಾರ ಇಲ್ಲಿ, ಮಾತಾಡ್ಸಾಕ ಬಂದೀನಿ" ಎಂದ. "ನಾನೂ ಹಂಗ" ಎಂದೆ. ಅಷ್ಟರಲ್ಲಿ ಕಂಪೌಂಡರ್ ಹೊರಗೆ ಬಂದು ನನಗಿಂತ ಒಳ್ಳೆಯ ದನಿಯಲ್ಲಿ ಕೂಗಿದ. "ನರಸಣ್ಣ, ಮಸ್ಕಿ, ಮೂಲವ್ಯಾಧಿ! ರಾಜೇಶ, ಮಸ್ಕಿ, ಕಫ!"

ತಿರುಗಿ ಬರುವಾಗ ಇಬ್ಬರೂ ಒಂದೇ ಸೀಟಿನಲ್ಲಿ ಕೂತು ಶೇಂಗಾ ತಿಂದೆವು. ನರಸಣ್ಣ ಸ್ವಲ್ಪ ಓರೆಯಾಗಿ ಕೂತಿದ್ದ.

ಕಫವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರಂತೆ, ಏನೂ ಕಾಣಲಿಲ್ಲವಂತೆ. ಕಿಡ್ನಿ ವಿಷಯ ನಾನು ಹೇಳಲಿಲ್ಲ. ಅವರೂ ಕೇಳಲಿಲ್ಲ. ಒಂದು ಸಿರಪ್ ಕೊಟ್ಟರು, ಸಿಹಿಯಾಗಿದೆ.

ಮಾರ್ಚ್ 9

ಸಿರಪ್ ಮುಗಿಯಿತು. ಕೆಮ್ಮು ಮುಗಿಯಲಿಲ್ಲ. ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿಲ್ಲ. ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಹೊಡೆಯುತ್ತಿದ್ದಾಗ ಸುರೇಖಾ ನೋಡಿಬಿಟ್ಟಳು. ಸೀರೆ ಬದಲಿಸಿ ಬಂದು, "ಏಳ್ರಿ, ಸಿಂಧನೂರಿಗೆ" ಎಂದಳು. ಅವಳು ಬೈದರೆ ನನಗೆ ಭಯವಿಲ್ಲ. ಸೀರೆ ಬದಲಿಸಿದರೆ ಭಯ.

ಡಾಕ್ಟರ್ ದೀಪಿಕಾ ಚಿಕ್ಕ ವಯಸ್ಸಿನವರು. ಕಿಡ್ನಿಯ ವಿಷಯ ಸುರೇಖಾ ಹೇಳಿದ ಕೂಡಲೇ ಪೆನ್ನು ಕೆಳಗಿಟ್ಟರು. "ಇಷ್ಟು ದಿನ ಎಲ್ಲಿದ್ರಿ?" ಎಂದರು. ಲಿಂಗಸುಗೂರಿನಲ್ಲಿ ಎನ್ನಲು ಬಾಯಿ ಬರಲಿಲ್ಲ.

ಅವರು ಹೇಳಿದ್ದು ಹೀಗೆ. ನನ್ನಂಥ ಬಲಹೀನ ಮೈಯವರಲ್ಲಿ ಕ್ಷಯದ ರೋಗಾಣು ಇದ್ದರೂ ಕಫದಲ್ಲಿ ತೀರಾ ಕಡಿಮೆ ಇರಬಹುದು, ಆಗ ಸೂಕ್ಷ್ಮದರ್ಶಕದ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೆ ಬೇರೆ ಯಂತ್ರ ಇದೆ, ರೋಗಾಣುವಿನ ಜೀನನ್ನೇ ಹುಡುಕಿ ಹಿಡಿಯುವಂಥದ್ದು. ಸ್ವಲ್ಪವೇ ಇದ್ದರೂ ಪತ್ತೆ ಮಾಡುತ್ತದೆ.

"ಮೇಡಂ, ಸುಮ್ಮನ ಕ್ಷಯದ ಗುಳಗಿ ಕೊಟ್ಟುಬಿಡ್ರಿ, ನುಂಗ್ತೀನಿ" ಎಂದೆ. ನನ್ನ ಶೌರ್ಯಕ್ಕೆ ಅವರು ಮರುಳಾಗಲಿಲ್ಲ.

"ನೋಡ್ರಿ, ಆ ಗುಳಗಿಯೊಳಗ ಒಂದು ನಿಮ್ಮ ಕಿಡ್ನಿ ಗುಳಗಿ ಬಲಾನೆಲ್ಲ ತಿಂದುಹಾಕ್ತದ. ಅಳತಿ ತಪ್ಪಿದ್ರ ನಿಮ್ಮ ಮೈ ಆ ಕಿಡ್ನೀನ ಒದ್ದು ಹೊರಗ ಹಾಕ್ತದ. ಬ್ಯಾನಿ ಯಾವುದು ಅಂತ ಗೊತ್ತಾಗ್ದ ಕಣ್ಣು ಮುಚ್ಚಿ ಕೊಡಾಕ ಬರಂಗಿಲ್ಲ. ತಡಾ ಮಾಡಾಕೂ ಬರಂಗಿಲ್ಲ."

ಮನೆಗೆ ಬರುವಾಗ ಇಡೀ ದಾರಿ ಹೊಟ್ಟೆಯ ಬಲಭಾಗದ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದೆ. ಅಲ್ಲಿಯೇ ಇದೆ ಅಕ್ಕನ ಕಿಡ್ನಿ. ಅದನ್ನು ಕಳೆದರೆ ಅವಳಿಗೆ ಯಾವ ಮುಖ ತೋರಿಸಲಿ?

ಮಾರ್ಚ್ 12

ಯಂತ್ರ "ಇಲ್ಲ" ಎಂದಿತು! ಪೇಡೆ ತಂದೆ. ಸುರೇಖಾಳಿಗೆ ಒಂದು, ನರಸಣ್ಣನ ಮನೆಗೆ ಒಂದು ಹಾಳೆ ತುಂಬ.

ಮಾರ್ಚ್ 13

ಪೇಡೆ ದಂಡ. ಲ್ಯಾಬಿನ ರಹಿಮಾನ್ ಫೋನ್ ಮಾಡಿದ. "ಸರ್ರ, ನೀವು ಕೊಟ್ಟಿದ್ದು ಕಫ ಅಲ್ರೀ, ಬರೇ ಉಗುಳು. ಉಗುಳಿನಾಗ ಯಂತ್ರ ಏನು ಹುಡುಕಬೇಕು?"

ಸತ್ಯ. ಲ್ಯಾಬಿನ ಹಿಂದಿನ ಬಯಲಲ್ಲಿ ನಿಂತು ಎದೆಯಾಳದಿಂದ ಕೆಮ್ಮಿ ತೆಗೆಯಬೇಕಿತ್ತು. ಎದುರಿಗೆ ನಾಲ್ಕು ಜನ ಹೆಂಗಸರು ನಿಂತಿದ್ದರು. ಅಧಿಕಾರಿಯ ಹಾಗೆ ಹಗುರವಾಗಿ ಒಮ್ಮೆ ಉಗುಳಿ, ಮುಚ್ಚಳ ತಿರುವಿ ಕೊಟ್ಟು ಬಂದಿದ್ದೆ. ಜೀವ ಹೋಗುವ ಹೊತ್ತಿನಲ್ಲೂ ನಾನು ತಲೆ ಬಾಚಿಕೊಂಡೇ ಹೋಗುವ ಮನುಷ್ಯ.

ಎಕ್ಸ್‌ರೇಯಲ್ಲಿ ಎದೆಯ ಮೇಲ್ಭಾಗದಲ್ಲಿ ಬಿಳಿ ಕಲೆ ಇದೆಯಂತೆ. ಬೆಳಗ್ಗೆ ಎದ್ದು, ಬಾಯಿ ಮುಕ್ಕಳಿಸಿ, ಏನೂ ತಿನ್ನದೆ, ಚೆನ್ನಾಗಿ ಕೆಮ್ಮಿ ತೆಗೆದು, ಬಿಸಿಲು ತಾಗದಂತೆ ಬೇಗ ತಂದು ಕೊಡಬೇಕಂತೆ.

ಮಾರ್ಚ್ 17

ಇಂದು ನನ್ನ ತಲೆ ಓಡಿದ್ದನ್ನು ಬರೆದಿಡಲೇಬೇಕು.

ಬೆಳಗ್ಗೆ ಹಿತ್ತಿಲಲ್ಲಿ ಕೆಮ್ಮಿದೆ. ಈ ಸಲ ನಾಚಿಕೆಪಡಲಿಲ್ಲ, ಕಾಗೆಗಳು ಹಾರಿಹೋದವು. ಆದರೆ ಸಿಂಧನೂರಿಗೆ ಒಯ್ಯುವುದು ಹೇಗೆ? ಜೊತೆಯ ಕಂಟ್ರೋಲರ್ ರಜೆಯಲ್ಲಿದ್ದ. ಸುರೇಖಾ ಶಾಲೆಯಲ್ಲಿ ಪರೀಕ್ಷೆ ಕೆಲಸಕ್ಕೆ ಹೋಗಿದ್ದಳು. ಆಗ ರೊಟ್ಟಿ ಡಬ್ಬಿ ಕಣ್ಣಿಗೆ ಬಿತ್ತು.

ವಾರಕ್ಕೊಮ್ಮೆ ಅಕ್ಕ ಸ್ಟೀಲಿನ ಡಬ್ಬಿಯಲ್ಲಿ ಸಜ್ಜೆ ರೊಟ್ಟಿ, ಪುಂಡಿಪಲ್ಯ ಕಳಿಸುತ್ತಾಳೆ. ಡಬ್ಬಿ ತುರ್ವಿಹಾಳದ ಬಸ್ಸಿನಲ್ಲಿ ಸಿಂಧನೂರಿಗೆ ಬಂದು, ಅಲ್ಲಿ ಕಂಡಕ್ಟರ್ ನಾಸೀರ್ ಕೈಗೆ ದಾಟಿ, ಮಸ್ಕಿಗೆ ಬರುತ್ತದೆ. ಖಾಲಿ ಡಬ್ಬಿ ಅದೇ ದಾರಿಯಲ್ಲಿ ತಿರುಗಿ ಹೋಗುತ್ತದೆ. ಅದು ಅಕ್ಕ ನನ್ನ ಮದುವೆಯಲ್ಲಿ ಮುಯ್ಯಿ ಮಾಡಿದ ಡಬ್ಬಿ. ಮುಚ್ಚಳದ ಮೇಲೆ "ಯಶೋಧರಾ, ತುರ್ವಿಹಾಳ" ಎಂದು ಚುಕ್ಕೆ ಚುಕ್ಕೆಯಾಗಿ ಕೊರೆಸಿದ್ದಾಳೆ. ರೊಟ್ಟಿ ಡಬ್ಬಿಯಲ್ಲಿ ರೋಗ ಹೋಗುತ್ತಿದೆ ಎಂದು ಯಾರು ಅಂದುಕೊಳ್ಳುತ್ತಾರೆ? ಕಫದ ಬಾಟಲಿಗೆ ಟೇಪು ಸುತ್ತಿ, ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಡಬ್ಬಿಯಲ್ಲಿಟ್ಟು ನಾಸೀರ್‌ಗೆ ಕೊಟ್ಟೆ. "ಸಿಂಧನೂರು ಸ್ಟ್ಯಾಂಡಿನಾಗ ರಹಿಮಾನ್ ಅಂತ ಒಬ್ಬಾಂವ ಬರ್ತಾನ, ಅವನ ಕೈಯಾಗ ಕೊಡು" ಎಂದೆ. ಆತ ಆಗ ತನ್ನ ಹೋತಕ್ಕೆ ಟಿಕೆಟ್ ತೆಗೆಸುವುದಿಲ್ಲ ಎನ್ನುವ ಒಬ್ಬನ ಜೊತೆ ಜಗಳದಲ್ಲಿದ್ದ. ಹೂಂ ಎಂದು ಗೋಣು ಹಾಕಿದ.

ಹತ್ತು ಗಂಟೆಗೆ ರಹಿಮಾನ್ ಫೋನ್. "ಸರ್ರ, ನಾ ಬರೂದು ಜರಾ ಲೇಟಾತು. ಬಸ್ಸು ಹೋಗೇತಿ. ಡಬ್ಬಿ ಇಲ್ಲ." ನಾಸೀರ್ ಫೋನ್ ಎತ್ತಲಿಲ್ಲ. ಹೊರಗೆ ಬಿಸಿಲು ರೊಟ್ಟಿ ಸುಡುವಂತಿತ್ತು. ಮೈಕಿನಲ್ಲಿ ಹಟ್ಟಿ ಬಸ್ಸನ್ನು ಹೈದರಾಬಾದ್ ಬಸ್ಸು ಎಂದೆ. ಇಬ್ಬರು ಹತ್ತಿಯೂ ಹತ್ತಿದರು.

ಮಧ್ಯಾಹ್ನ ಮತ್ತೆ ರಹಿಮಾನ್. "ಮಾಲು ಮುಟ್ಟೇತ್ರಿ. ಭಾಳ ಶ್ಯಾಣ್ಯಾ ಅದೀರಿ, ಸುತ್ತಲೂ ಐಸ್ ಕ್ಯಾಂಡಿ ಇಟ್ಟು ಕಳಿಸೀರಲ್ಲ! ನಮ್ಮ ಲ್ಯಾಬ್ ತುಂಬ ಕಿತ್ತಳಿಹಣ್ಣಿನ ವಾಸನಿ. ಬಾಟ್ಲಿ ಥಂಡಗೈತಿ."

"ಯಾರು ತಂದ್ರಪಾ?"

"ನಿಮ್ಮ ಕಡೆಯವ್ರ ತಂದ್ರು" ಎಂದು ಇಟ್ಟುಬಿಟ್ಟ.

ನಾಸೀರ್‌ನ ತಲೆ ನನಗಿಂತ ಚುರುಕು, ಒಪ್ಪಿಕೊಳ್ಳುತ್ತೇನೆ. ಸಂಜೆ ಕರೆದು ಚಹಾ ಕುಡಿಸಿ, "ದೊಡ್ಡ ಉಪಕಾರ ಮಾಡಿದಿ" ಎಂದೆ. ಅವನು ಕಣ್ಣು ಪಿಳಿಪಿಳಿ ಬಿಟ್ಟ. "ಯಾವಾಗಲೂ ಮಾಡೋ ಕೆಲಸ, ಅದಕ್ಯಾಕ ಚಾ ಸಾಹೇಬ್ರ?" ಎಂದ. ವಿನಯ ಎಂದರೆ ಇದು.

ಮಾರ್ಚ್ 19

ಈಗ ಬಂದ ಫಲಿತಾಂಶ ನನ್ನ ಹಾಗೆಯೇ ಎಡಬಿಡಂಗಿ. ಸೂಕ್ಷ್ಮದರ್ಶಕದಲ್ಲಿ ಕೆಂಪು ಕಡ್ಡಿಯಂಥ ರೋಗಾಣು ಕಾಣುತ್ತಿದೆ. ಕ್ಷಯದ ಜೀನ್ ಹುಡುಕುವ ಯಂತ್ರ ಮಾತ್ರ ಇಲ್ಲ ಎನ್ನುತ್ತಿದೆ. ಎರಡೂ ನಿಜವಿರಬಹುದಂತೆ. "ಹಂಗಾದ್ರ ಇದು ಕ್ಷಯದ ದಾಯಾದಿ ಇರಬಹುದು. ಒಂದೇ ಮನೆತನ, ಬ್ಯಾರೆ ಹೆಸರು" ಎಂದರು ದೀಪಿಕಾ ಮೇಡಂ. ಅದರ ಹೆಸರು ಹಿಡಿಯಲು ಉಳಿದ ಕಫವನ್ನು ದೊಡ್ಡ ಲ್ಯಾಬಿಗೆ ಕಳಿಸಿದ್ದಾರೆ. ಅಲ್ಲಿ ಬೆಳೆಸಿ, ಜೀನ್ ಓದಿ ಹೇಳುತ್ತಾರಂತೆ. ವಾರಗಳು ಬೇಕು. ಇಂದು ಸಿಂಧನೂರಿನ ಲ್ಯಾಬಿನಲ್ಲಿಯೇ ಇನ್ನೊಂದು ಬಾಟಲಿ ಕೊಟ್ಟೆ. ಹೆಂಗಸರ ಎದುರಿಗೇ ಕೆಮ್ಮಿದೆ. ಒಬ್ಬಳು ನೀರು ಕೊಟ್ಟಳು.

ದಾಯಾದಿ ಎಂದರೆ ನಮ್ಮಲ್ಲಿ ಹೊಲದ ಬದು ಒತ್ತುವವನು. ಇವನು ಎದೆಗೇ ಬಂದಿದ್ದಾನೆ.

ಮಾರ್ಚ್ 26

ರೊಟ್ಟಿ ಡಬ್ಬಿ ತಿರುಗಿ ಬಂದಿಲ್ಲ. ರಹಿಮಾನ್ ತನ್ನ ಬಳಿ ಇಲ್ಲವೆಂದ. ನಾಸೀರ್‌ನನ್ನು ಕೇಳೋಣವೆಂದರೆ ಅವನಿಗೆ ಹಟ್ಟಿ ಕಡೆಯ ಡ್ಯೂಟಿ ಬಿದ್ದಿದೆ. "ಮುಯ್ಯಿ ಡಬ್ಬಿ ಕಳಕೊಂಡ್ರಲ್ಲ" ಎಂದು ಸುರೇಖಾ ಎರಡು ದಿನದಿಂದ ಮಾತು ಬಿಟ್ಟಿದ್ದಾಳೆ. ನನ್ನ ಕಾಯಿಲೆಗೆ ಅವಳು ಇಷ್ಟು ಮುನಿಸಿಕೊಂಡಿರಲಿಲ್ಲ.

ಅಕ್ಕನೂ ಬದಲಾಗಿದ್ದಾಳೆ. ಈಗ ದಿನವೂ ಫೋನ್ ಮಾಡುತ್ತಾಳೆ, ಎಮ್ಮೆಯ ಮಾತೇ ಎತ್ತುವುದಿಲ್ಲ. "ಉಂಡ್ಯಾ? ನೀ ಹೆಂಗದೀ?" ಎಂದಷ್ಟೇ. ನಾನೇ ಚುಡಾಯಿಸಿದೆ, "ಯಾಕಕ್ಕಾ, ಎಮ್ಮಿ ಮ್ಯಾಲಿನ ಆಸೆ ಬಿಟ್ಟೇನು?" "ಗದ್ದಿ ಕೊಯ್ಯಾಕ ಆಳು ಬಂದಾರ, ಇಡ್ತೀನಿ" ಎಂದಳು. ವಯಸ್ಸಾಯಿತು, ಮರೆವು.

ಏಪ್ರಿಲ್ 4

ಜ್ವರ.

ಏಪ್ರಿಲ್ 6

ಜ್ವರ. ಬರೆಯಲು ಏನಿದೆ?

ಏಪ್ರಿಲ್ 8

ಕಿಡ್ನಿಯ ರಕ್ತ ಪರೀಕ್ಷೆಯ ಅಂಕಿ ಒಂದೂವರೆಯ ಒಳಗಿರುತ್ತಿತ್ತು. ಇಂದು ಎರಡರ ಹತ್ತಿರ ಬಂದಿದೆ. ಅಕ್ಕನ ಕಿಡ್ನಿ ಸುಸ್ತಾಗುತ್ತಿದೆ. ರಾಯಚೂರಿನ ಕಿಡ್ನಿ ಡಾಕ್ಟರು ಫೋನಿನಲ್ಲಿ, ಗಾಬರಿಯಾಗಬೇಡಿ, ರೋಗಾಣುವಿನ ಹೆಸರು ಸಿಗುವತನಕ ಯಾವ ಹೊಸ ಗುಳಿಗೆಯನ್ನೂ ಮುಟ್ಟಬೇಡಿ ಎಂದರು.

ಸಂಜೆ ನರಸಣ್ಣ ಬಂದ. ಪೇಡೆಯ ಋಣವೋ, ಶೇಂಗಾದ ಋಣವೋ, ಕಿಸೆಯಿಂದ ಚೀಟಿಯಲ್ಲಿ ಸುತ್ತಿದ ಗುಳಿಗೆಗಳನ್ನು ತೆಗೆದ. "ನಮ್ಮ ಮಾವಗ ಕ್ಷಯ ಆಗಿತ್ತಲ್ಲಪಾ, ಉಳದಾವ. ಆರು ತಿಂಗಳದಾಗ ಕಲ್ಲಿನಂಗ ಗಟ್ಟಿ ಆದ. ಯಂತ್ರ ತಂತ್ರ ಏನೂ ಬ್ಯಾಡ, ನುಂಗಿಬಿಡು."

ಅವನು ಹೋದ ಮೇಲೆ ಗುಳಿಗೆ ಅಂಗೈಯಲ್ಲಿ ಇಟ್ಟುಕೊಂಡೆ. ನೀರಿನ ಲೋಟವೂ ಬಂತು. ದಿನಾ ಕಾಯುವುದಕ್ಕಿಂತ ಏನೋ ಒಂದು ಮಾಡಿಬಿಡುವುದೇ ಲೇಸು ಎನ್ನಿಸಿಬಿಟ್ಟಿತ್ತು. ಆಗ ಅಕ್ಕನ ಫೋನ್. "ನೀ ಹೆಂಗದೀ ತಮ್ಮಾ?" ಇದಕ್ಕೆ ಮೊದಲು ಅವಳು ನನ್ನನ್ನು ತಮ್ಮಾ ಎಂದು ಕರೆದದ್ದು ಅಪ್ಪ ತೀರಿಕೊಂಡ ದಿನ. "ಅರಾಮ ಅದೀನಿ" ಎಂದೆ. ದನಿ ಯಾರದೋ ಎಂಬಂತೆ ಬಂತು. ಗುಳಿಗೆಯನ್ನು ಚೀಟಿಯಲ್ಲಿ ಮತ್ತೆ ಸುತ್ತಿದೆ. ನೀರು ಕುಡಿದೆ, ದಂಡವಾಗಬಾರದಲ್ಲ.

ನನಗೆ ಭಯವಾಗಿದೆ. ಇಷ್ಟು ದಿನ ಇದನ್ನು ಬಿಟ್ಟು ಉಳಿದದ್ದೆಲ್ಲ ಬರೆದೆ.

ಏಪ್ರಿಲ್ 23

ಹೆಸರು ಸಿಕ್ಕಿತು! ನನ್ನ ನಾಲಿಗೆ ಹೊರಳದಷ್ಟು ಉದ್ದ, ಮೈಕಿನಲ್ಲಿ ಹೇಳಿದರೆ ಬಸ್ಸೇ ಹೊರಟುಹೋದೀತು. ಕ್ಷಯವಲ್ಲ, ಅದೇ ಮೈಕೋಬ್ಯಾಕ್ಟೀರಿಯಾ ಮನೆತನದ ಬೇರೆ ಕವಲು. ನೀರು, ಮಣ್ಣಿನಲ್ಲಿ ತನ್ನ ಪಾಡಿಗೆ ತಾನಿರುತ್ತದಂತೆ. ಗಟ್ಟಿ ಮೈಯವರಿಗೆ ಸಾಮಾನ್ಯವಾಗಿ ಏನೂ ಮಾಡದು. ಕಾವಲು ಮಲಗಿದ ಮನೆ ಕಂಡರೆ ಒಳಗೆ ಬರುತ್ತದೆ. ಒಬ್ಬರಿಂದೊಬ್ಬರಿಗೆ ಹರಡುವುದು ತೀರಾ ಅಪರೂಪವಂತೆ. ಇದನ್ನು ಕೇಳಿ ಸುರೇಖಾ ದವಾಖಾನೆಯಲ್ಲಿಯೇ ಗೋಡೆಗೆ ಒರಗಿ ಕೂತುಬಿಟ್ಟಳು. ಅವಳೂ ಹೆದರಿದ್ದಳು ಎಂಬುದು ನನಗೆ ಆಗ ಹೊಳೆಯಿತು.

ಆಮೇಲೆ ಕೊಟ್ಟ ಬಾಟಲಿಯೂ ಅದೇ ಹೆಸರು ಹೇಳಿದೆ. ಗುಳಿಗೆಗಳು ಬೇರೆ. ವರ್ಷದ ಮೇಲೆ ನುಂಗಬೇಕು, ಕಿಡ್ನಿಯ ಗುಳಿಗೆಗೆ ತೊಂದರೆಯಾಗದಂಥವನ್ನು ಆರಿಸಿದ್ದಾರೆ. "ಆ ಡಬ್ಬಿಯೊಳಗಿನ ಮಾಲು ಬಿಸಿಲಿಗೆ ಕೆಟ್ಟಿದ್ರ ನಮಗ ದಾರಿ ಸಿಗಾಕ ಇನ್ನೂ ದಿನ ಬೇಕಾಗ್ತಿತ್ತು" ಎಂದರು ಮೇಡಂ. ಕಾಲರ್ ಸರಿ ಮಾಡಿಕೊಂಡೆ. ನರಸಣ್ಣನ ಗುಳಿಗೆಗಳನ್ನು ಅವರ ಮೇಜಿನ ಮೇಲಿಟ್ಟೆ. ಆಗ ಅವರು ನನ್ನನ್ನು ನೋಡಿದ ರೀತಿಗೆ ಕಾಲರ್ ಮತ್ತೆ ಮಡಿಚಿಕೊಂಡಿತು.

ಮೇ 12. ಬುದ್ಧ ಪೂರ್ಣಿಮೆ

ಜ್ವರ ಇಳಿದು ವಾರವಾಯಿತು. ಬೆಲ್ಟಿನ ಹೊಸ ತೂತಿನಿಂದ ಹಳೆಯ ತೂತಿಗೆ ಬಡ್ತಿ. ನನ್ನ ಕಿಡ್ನಿಯ ಅಂಕಿ ಮತ್ತೆ ಒಂದೂವರೆಗೆ ಬಂದು ನಿಂತಿದೆ. ಇನ್ನು ಅಕ್ಕನಿಗೆ ಹೇಳಿಬಿಡಬೇಕು ಎಂದು ತುರ್ವಿಹಾಳಕ್ಕೆ ಹೊರಟೆ. ಇಡೀ ದಾರಿ ಭಾಷಣ ತಯಾರಿ ಮಾಡಿದೆ. "ಅಕ್ಕಾ, ನೀ ಗಾಬರಿ ಆಗಬಾರದಂತ ನಾನು..." ಎಂದು ಶುರು, ನನ್ನ ದೊಡ್ಡತನದಲ್ಲಿ ಮುಕ್ತಾಯ.

ಅಂಗಳಕ್ಕೆ ಕಾಲಿಟ್ಟರೆ ಕಟ್ಟೆಯ ಮೇಲೆ ಸಾಲಾಗಿ ಗಿಡದ ಕುಂಡಗಳು. ಕೊನೆಯಲ್ಲಿ ಒಂದು ಸ್ಟೀಲ್ ಡಬ್ಬಿ, ಅದರ ತುಂಬ ಮಣ್ಣು, ಮಣ್ಣಿನಲ್ಲಿ ಮೆಣಸಿನ ಗಿಡ. ಪಕ್ಕದಲ್ಲಿ ಮುಚ್ಚಳ. ಮುಚ್ಚಳದ ಮೇಲೆ "ಯಶೋಧರಾ, ತುರ್ವಿಹಾಳ".

ಭಾಷಣ ಮರೆತುಹೋಯಿತು.

ಅಕ್ಕ ಪಾಯಸದ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಅದನ್ನ ಮತ್ತ ಊಟಕ್ಕ ಬಳಸಬಾರದು ಅಂತ ಗಿಡಾ ಹಚ್ಚೀನಿ" ಎಂದಳು. ಮಾತು ನಿಧಾನವಾಗಿ ಬಂತು. "ಅವತ್ತು ತುರ್ವಿಹಾಳ ಬಸ್ಸಿನ್ಯಾಗ ಡಬ್ಬಿ ಬಂತು. ಯಾವಾಗಲೂ ಹಗೂರ ಇರ್ತಿತ್ತು, ಅವತ್ತು ಏನೋ ಗಡಗಡ ಅಂತು. ಜೀವಮಾನದಾಗ ಮೊದಲನೇ ಸಲ ನನ್ನ ತಮ್ಮ ಏನೋ ಕಳಿಸ್ಯಾನ ಅಂತ ಓಡಿ ಬಂದು ತಗದೆ."

ನಾಸೀರ್ ನನ್ನ ಮಾತು ಕೇಳಿಸಿಕೊಂಡೇ ಇರಲಿಲ್ಲ. ಖಾಲಿ ಡಬ್ಬಿ ಎಂದುಕೊಂಡು ಯಾವಾಗಿನಂತೆ ತುರ್ವಿಹಾಳದ ಬಸ್ಸಿಗೆ ದಾಟಿಸಿದ್ದ. ಬಾಟಲಿಯ ಮೇಲೆ ನನ್ನ ಹೆಸರಿತ್ತು, ಲ್ಯಾಬಿನ ಹೆಸರಿತ್ತು. ಕಿಡ್ನಿ ಕೊಡುವಾಗ ಅಕ್ಕನೂ ಅಂಥ ಬಾಟಲಿಗಳನ್ನು ತುಂಬಿ ಕೊಟ್ಟವಳು, ಅವಳಿಗೆ ಯಾರೂ ವಿವರಿಸಿ ಹೇಳಬೇಕಿರಲಿಲ್ಲ. ಐಸ್ ಕ್ಯಾಂಡಿ ಗಾಡಿಯವನನ್ನು ತಡೆದು, ಇದ್ದಷ್ಟು ಕ್ಯಾಂಡಿ ಸುರುವಿಸಿಕೊಂಡು, ಉಟ್ಟ ಸೀರೆಯಲ್ಲೇ ಮುಂದಿನ ಬಸ್ಸು ಹಿಡಿದು ಸಿಂಧನೂರಿನ ಲ್ಯಾಬಿಗೆ ಮುಟ್ಟಿಸಿದ್ದಳು. ತನ್ನ ಹೆಸರು ಹೇಳಬಾರದೆಂದು ರಹಿಮಾನ್‌ನ ಹತ್ತಿರ ಆಣೆ ಹಾಕಿಸಿಕೊಂಡಿದ್ದಳು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದಂತೆ, ಎರಡು ತಿಂಗಳು ಜಾಣನೆಂದು ಬೀಗಿದವನು ನಾನು.

"ನನ್ನ ಕೇಳಬಾರದಾಗಿತ್ತೇನಕ್ಕಾ?"

"ನಿನಗ ಹೇಳಾಕ ಬಾಯಿ ಬರಲಿಲ್ಲ, ನನಗ ಕೇಳಾಕ ಬಾಯಿ ಬರಲಿಲ್ಲ. ಒಂದ ತಾಯಿ ಹೊಟ್ಟ್ಯಾಗ ಹುಟ್ಟೀವಿ."

"ಇಲ್ಲ ಅಕ್ಕಾ, ನಿನ್ನ ಎಮ್ಮಿ ಸತ್ತುಗಿತ್ತು ಹೋಗಿದ್ರ ನಿನಗ ಏನಂತ ಹೇಳ್ತಿದ್ದೆ..."

ಅವಳು ಬಟ್ಟಲನ್ನು ನನ್ನ ಕೈಗಿಟ್ಟಳು. "ಎಮ್ಮಿ ಹೋಗ್ಲಿ ಬಿಡೋ ಹುಚ್ಚ. ಹಗ್ಗ ಹಿಡಿದಾಂವ ಉಳಿದ್ರ ಸಾಕು."

ಅಲ್ಲಿಯೇ ಕಟ್ಟೆಯ ಮೇಲೆ ಕೂತು ಅತ್ತುಬಿಟ್ಟೆ. ಬರೆಯಲು ನಾಚಿಕೆಯಾಗುತ್ತದೆ, ಆದರೆ ಅತ್ತೆನೆಂಬುದು ಖರೆ. ಪಾಯಸಕ್ಕೆ ಸಕ್ಕರೆ ಜಾಸ್ತಿಯಾಗಿತ್ತು.

ಜೂನ್ 3

ಬೆಳಗ್ಗೆ ಮೈಕಿನಲ್ಲಿ ಮಾತಾಡುವಾಗ ಕೆಮ್ಮು ಬಂತು. ಗುಂಡಿ ಆರಿಸಲಿಲ್ಲ. ಮಾಸ್ಕಿನೊಳಗೆ ಕೆಮ್ಮಿ ಮುಗಿಸಿ, ಸಿಂಧನೂರಿನ ಬಸ್ಸು ಹೇಳಿದೆ. ನರಸಣ್ಣ ಬೆಂಚಿನ ಮೇಲಿದ್ದ. ಟವೆಲ್ ಸುತ್ತಿಕೊಂಡು ಲಿಂಗಸುಗೂರಿಗೆ ಹೊರಟಿದ್ದನಂತೆ. "ಬೀಗರೇನು?" ಎಂದೆ. "ಇಲ್ಲಪಾ, ಮೂಲವ್ಯಾಧಿ" ಎಂದ, ಗಟ್ಟಿಯಾಗಿಯೇ.

ನಾಸೀರ್ ಮತ್ತೆ ಸಿಂಧನೂರು ಬಸ್ಸಿಗೆ ಬಂದಿದ್ದಾನೆ. ಅಷ್ಟರಲ್ಲಿಯೇ ಡಬ್ಬಿ ತಂದುಕೊಟ್ಟ. ಹೊಚ್ಚ ಹೊಸ ಡಬ್ಬಿ, ಒಳಗೆ ಸಜ್ಜೆ ರೊಟ್ಟಿ, ಪುಂಡಿಪಲ್ಯ. ಮುಚ್ಚಳ ತಿರುಗಿಸಿ ನೋಡಿದೆ. ಪಾತ್ರೆ ಕೊಡುವವರು ತಮ್ಮ ಹೆಸರು ಕೊರೆಸುವುದು ನಮ್ಮಲ್ಲಿ ಮೊದಲಿನಿಂದ ಬಂದದ್ದು. ಕೊಟ್ಟವರು ಯಾರೆಂದು ಉಣ್ಣುವವನಿಗೆ ದಿನವೂ ನೆನಪಿರಬೇಕಲ್ಲ. ಇದರ ಮೇಲೆ "ರಾಜೇಶ" ಎಂದಷ್ಟೇ ಇದೆ. ಅಕ್ಕನ ಹೆಸರು ಎಲ್ಲಿಯೂ ಇಲ್ಲ. ತಳ ನೋಡಿದೆ, ಅಂಚು ನೋಡಿದೆ, ಇಲ್ಲ.

ಅದನ್ನೇ ನೋಡುತ್ತ ಕೂತು ಲಿಂಗಸುಗೂರು ಬಸ್ಸು ಹೇಳುವುದನ್ನು ಮರೆತೆ. ನರಸಣ್ಣನಿಗೆ ಬಸ್ಸು ತಪ್ಪಿತು. ಬಂದು ಮನಸೋ ಇಚ್ಛೆ ಬೈದ, ಆಮೇಲೆ ಇಬ್ಬರೂ ಕೂತು ರೊಟ್ಟಿ ಉಂಡೆವು.